ಡೀಸೆಲ್ ಎಂಬ ಮನುಷ್ಯ

ನಮ್ಮ ಚೆನ್ನೈನ ಮಣಲಿ ಕಡೆ ಬಸ್ಸಿನಲ್ಲಿ ಹೋದವರಿಗೆಲ್ಲ ಅಲ್ಲಿನ ಎಣ್ಣೆ ಶುದ್ಧೀಕರಣ ಕಾರ್ಖಾನೆ ಗೊತ್ತು. ಮದ್ರಾಸ್ ರಿಫೈನರೀಸ್ ಎಂಬ ಹೆಸರಿನಲ್ಲಿ 1965ರಲ್ಲಿ ಹುಟ್ಟಿದ್ದು ಅದು. ಡೀಸೆಲ್ ಅಂದರೆ ಅಲ್ಲಿ ತಯಾರಾಗುವ ಒಂದು ಎಣ್ಣೆ ಅಂತಲೇ ನಾನು ಬಹಳ ದಿನ ತಿಳಿದಿದ್ದೆ. ಅದೊಬ್ಬ ಮನುಷ್ಯನ ಹೆಸರು ಅಂತ ಗೊತ್ತಾದಾಗ ನಾಚಿಕೆಯಾಯಿತು.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು ಪ್ಯಾರಿಸ್ಸಿನಲ್ಲಿ, ಜರ್ಮನ್ ಕುಟುಂಬದಲ್ಲಿ. 1870ರಲ್ಲಿ ಯುದ್ಧ ಹತ್ತಿಕೊಂಡು ಆ ಸಂಸಾರ ಊರು ಬಿಡಬೇಕಾಯಿತು. ಹನ್ನೆರಡು ವರ್ಷದ ಹುಡುಗ ಲಂಡನ್ ಮುಟ್ಟಿ, ಅಲ್ಲಿಂದ ಆಗ್ಸ್‌ಬರ್ಗಿನ ನೆಂಟರ ಮನೆ ಸೇರಿದ. ಮ್ಯೂನಿಕ್ಕಿನಲ್ಲಿ ಪ್ರೊಫೆಸರ್ ಲಿಂಡೆಯವರ ಪಾಠ ಕೇಳುವಾಗ, ಉಗಿಯಂತ್ರ ಶಾಖದ ಬಹುಪಾಲನ್ನು ದಂಡ ಮಾಡುತ್ತೆ ಅನ್ನೋದು ಅವನ ಮನಸ್ಸಿಗೆ ನಾಟಿತು.

ಗಾಳಿಯನ್ನು ಬಲವಾಗಿ ಅದುಮಿದರೆ ಕಾಯುತ್ತೆ. ಆ ಬಿಸಿಗೇ ಇಂಧನ ಹೊತ್ತಿಕೊಂಡರೆ ಕಿಡಿ ಯಾಕೆ ಬೇಕು? ಇದೇ ಅವನ ಯೋಚನೆ. 1893ರಲ್ಲಿ ಪೇಟೆಂಟು ಸಿಕ್ಕಿತು. ಆಮೇಲೆ ನಾಲ್ಕು ವರ್ಷ ಸೋತು ಸುಣ್ಣವಾಗಿ, 1897ರಲ್ಲಿ ಪರೀಕ್ಷೆಗಿಟ್ಟ ಯಂತ್ರ ಶಾಖದ ನೂರಕ್ಕೆ 26 ಪಾಲನ್ನು ಕೆಲಸವಾಗಿಸಿತು! ಸಣ್ಣ ಕಸುಬುದಾರನಿಗೂ ಒಂದು ಯಂತ್ರ ದಕ್ಕಲಿ ಎಂಬುದು ಅವನ ಆಸೆಯಾಗಿತ್ತು.

ಹಣ ಬಂತು, ಬಂದ ಹಾಗೇ ಹೋಯಿತು. ವ್ಯಾಜ್ಯ, ಕಾಯಿಲೆ, ಸಾಲ. 1913ರ ಸೆಪ್ಟೆಂಬರ್ 29ರ ರಾತ್ರಿ, ಆಂಟ್ವರ್ಪಿನಿಂದ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಅವನು ಕಾಣೆಯಾದ. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ಹೆಣ ಸಿಕ್ಕಿತು. ಆಗ ಅವನಿಗೆ 55 ವರ್ಷ. ತಾನೇ ಬಿದ್ದನೋ, ಜಾರಿ ಬಿದ್ದನೋ, ಇವತ್ತಿಗೂ ಬಗೆಹರಿದಿಲ್ಲ.

ಅವನು ಬಿಟ್ಟುಹೋದ ಯಂತ್ರದ ಹೊಗೆ ಮಾತ್ರ ನಮ್ಮ ಪಾಲಿಗೆ ಉಳಿಯಿತು. 2020ರ ಏಪ್ರಿಲ್ 1ರಿಂದ ನಮ್ಮ ದೇಶದ ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮೀರುವಂತಿಲ್ಲ. ಜಲಜನಕ ಹಾಯಿಸಿ ಗಂಧಕ ತೆಗೆಯುತ್ತಾರೆ, ಸರಿ. ಆದರೆ ಎಣ್ಣೆಯಲ್ಲೇ ಇರುವ ಕ್ವಿನೊಲಿನ್, ಇಂಡೋಲ್, ಕಾರ್ಬಜೋಲ್ ಎಂಬ ಸಾರಜನಕದ ಸಂಯುಕ್ತಗಳು ಕ್ರಿಯಾವರ್ಧಕದ ಮೇಲೆ ಅಂಟಿ ಕೂತು ಆ ಕೆಲಸ ಕೆಡಿಸುತ್ತವೆ. ಅವನ್ನು ಮೊದಲೇ ಹಿಡಿದು ತೆಗೆಯಲು ವಿಜ್ಞಾನಿಗಳು ನೆಚ್ಚಿರುವ ಸಾಧನಗಳಲ್ಲಿ ಒಂದು ಯಾವುದು ಗೊತ್ತೇ? ಇದ್ದಿಲು! ರಂಧ್ರಮಯವಾದ ಸಕ್ರಿಯ ಇದ್ದಿಲನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ಅದರ ಮೈಮೇಲೆ ಆಮ್ಲಜನಕದ ಗುಂಪುಗಳು ಕೂಡುತ್ತವೆ. ಎಣ್ಣೆ ಅದರ ಮೂಲಕ ಹಾದಾಗ ಸಾರಜನಕದ ಸಂಯುಕ್ತಗಳು ಅಲ್ಲಿ ಸಿಕ್ಕಿಬೀಳುತ್ತವೆ.

ನನಗೆ ಸೋಜಿಗವಾದದ್ದು ಇಲ್ಲೇ. ಶುರುವಿನಲ್ಲಿ ಡೀಸೆಲ್ ತನ್ನ ಯಂತ್ರಕ್ಕೆ ಕಲ್ಲಿದ್ದಲ ಪುಡಿಯನ್ನೂ ಉರಿಸಬೇಕೆಂದಿದ್ದ, ಅದು ಕೈಗೂಡಲಿಲ್ಲ. ಆ ಕಲ್ಲಿದ್ದಲ ದಾಯಾದಿಯೇ ಈಗ ಅವನ ಹೆಸರಿನ ಎಣ್ಣೆಯನ್ನು ತೊಳೆಯಲು ಮುಂದೆ ಬಂದಿದೆ. ಮುಂದಿನ ಸಲ ಬಸ್ಸಿನ ಹೊಗೆಗೆ ಮೂಗು ಮುಚ್ಚಿಕೊಳ್ಳುವಾಗ, ಗೆಳೆಯರೇ, ಅವನನ್ನು ಬೈಯಬೇಡಿ. ಉಳಿದ ಕೆಲಸ ನಮ್ಮದು.