ಮಠದಲ್ಲಿ ಖಡ್ಗವನ್ನಿರಿಸಿದ ಸಂತ ಇಗ್ನೇಷಿಯಸ್

ಪ್ರತಿವರ್ಷ ಜುಲೈ 31ರಂದು ಧರ್ಮಸಭೆಯು ಸಂತ ಇಗ್ನೇಷಿಯಸ್ ಲೊಯೋಲರ ಹಬ್ಬವನ್ನು ಆಚರಿಸುತ್ತದೆ. ಯೇಸುಸಭೆಯ ಸ್ಥಾಪಕರೆಂದು ನಾವು ಅವರನ್ನು ಬಲ್ಲೆವು. ನಾವು ರೂಢಿಯಲ್ಲಿ ರಿಟ್ರೀಟ್ ಎಂದು ಕರೆಯುವ ಏಕಾಂತ ಧ್ಯಾನಕ್ಕೂ ಅವರೇ ಪಾಲಕ ಸಂತರು. 1922ರಲ್ಲಿ ಪೋಪ್ ಹನ್ನೊಂದನೇ ಪಯಸ್‌ರವರು ಹಾಗೆ ಘೋಷಿಸಿದರು.

1491ರಲ್ಲಿ ಸ್ಪೇನಿನ ಬಾಸ್ಕ್ ಪ್ರಾಂತದಲ್ಲಿ, ಲೊಯೋಲದ ಕುಲೀನ ಮನೆತನದಲ್ಲಿ ಜನಿಸಿದ ಇಗ್ನೇಷಿಯಸರು ಯೌವನದಲ್ಲಿ ಲೌಕಿಕ ಕೀರ್ತಿಯನ್ನೇ ಬಯಸಿದ್ದರು. 1521ರ ಮೇ 20ರಂದು ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ಅವರ ಕಾಲನ್ನು ಮುರಿಯಿತು. ಹಾಸಿಗೆ ಹಿಡಿದಿದ್ದಾಗ ಓದಲು ವೀರರ ಕಥೆಗಳನ್ನು ಕೇಳಿದರು. ಮನೆಯಲ್ಲಿ ದೊರೆತದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆ ಮಾತ್ರ. ಲೌಕಿಕ ಕನಸುಗಳು ಕೊನೆಗೆ ಮನಸ್ಸನ್ನು ಬರಿದಾಗಿಸುತ್ತವೆ, ಸಂತರಂತೆ ಬಾಳುವ ಯೋಚನೆಯಾದರೋ ಸಂತೋಷವನ್ನು ಉಳಿಸುತ್ತದೆ ಎಂಬುದನ್ನು ಅವರು ಆಗ ಕಂಡುಕೊಂಡರು.

ಗುಣಮುಖರಾದ ಮೇಲೆ, 1522ರ ಮಾರ್ಚ್ ತಿಂಗಳಲ್ಲಿ, ಕ್ಯಾಟಲೋನಿಯದ ಮಾಂಟ್ಸೆರಾಟ್ ಬೆಟ್ಟದ ಬೆನೆಡಿಕ್ಟನ್ ಮಠವನ್ನು ಸೇರಿದರು. ಮೂರು ದಿನಗಳ ಕಾಲ ತಮ್ಮ ಇಡೀ ಜೀವನದ ಪಾಪಗಳನ್ನು ಬರೆದು, ಅಲ್ಲಿನ ಸನ್ಯಾಸಿಯೊಬ್ಬರ ಬಳಿ ಪಾಪನಿವೇದನೆ ಮಾಡಿದರು. ಏರಿ ಬಂದ ಹೇಸರಗತ್ತೆಯನ್ನು ಮಠಕ್ಕೆ ಕೊಟ್ಟರು; ಖಡ್ಗ ಮತ್ತು ಕಠಾರಿಗಳನ್ನು ಮಾತೆ ಮರಿಯಮ್ಮನವರ ಪೀಠಕ್ಕೆ ಅರ್ಪಿಸಿದರು. ಮಾರ್ಚ್ 24ರ ಸಂಜೆ ಬೆಲೆಬಾಳುವ ಉಡುಪನ್ನು ಭಿಕ್ಷುಕನೊಬ್ಬನಿಗೆ ಕೊಟ್ಟು, ಗೋಣಿಬಟ್ಟೆಯ ನಿಲುವಂಗಿಯನ್ನು ತೊಟ್ಟು, ಇರುಳಿಡೀ ಆ ಪೀಠದ ಮುಂದೆ ನಿಂತೂ ಮಂಡಿಯೂರಿಯೂ ಜಾಗರಣೆ ಮಾಡಿದರು. ಮರುದಿನ ಮಂಗಳವಾರ್ತೆಯ ಹಬ್ಬ. ನಸುಕಿನಲ್ಲೇ ಪರಮಪ್ರಸಾದವನ್ನು ಸ್ವೀಕರಿಸಿ ಹೊರಟರು. ದಾರಿಯಲ್ಲಿ ಒಬ್ಬರು ಬೆನ್ನಟ್ಟಿ ಬಂದು, ಉಡುಪನ್ನು ನಿಜವಾಗಿಯೂ ಕೊಟ್ಟಿರೇ ಎಂದು ವಿಚಾರಿಸಿದರು. ಭಿಕ್ಷುಕನ ಮೇಲೆ ಕಳವಿನ ಶಂಕೆ ಬಂದಿತ್ತು. ತಮ್ಮ ದಾನವೇ ಬಡವನಿಗೆ ಕಷ್ಟ ತಂದಿತಲ್ಲಾ ಎಂದು ಅವರು ಕಣ್ಣೀರಿಟ್ಟರು.

ಸಮೀಪದ ಮನ್ರೇಸ ಊರಿನಲ್ಲಿ ಕೆಲವೇ ದಿನ ತಂಗುವ ಉದ್ದೇಶವಿತ್ತು. ಹತ್ತು ತಿಂಗಳಿಗೂ ಮಿಕ್ಕಿ ಉಳಿದರು. ಭಿಕ್ಷೆ ಬೇಡಿ ಉಂಡರು, ದಿನಕ್ಕೆ ಏಳು ಗಂಟೆ ಪ್ರಾರ್ಥಿಸಿದರು. ಆದರೂ ಮಠದಲ್ಲಿ ನಿವೇದಿಸಿದ್ದ ಪಾಪಗಳೇ ಮತ್ತೆ ಮತ್ತೆ ನೆನಪಿಗೆ ಬಂದು ಕಾಡತೊಡಗಿದವು. ಯಾವುದೋ ಒಂದನ್ನು ಹೇಳದೆ ಬಿಟ್ಟೆನೇನೋ ಎಂಬ ಸಂಶಯ ಅವರನ್ನು ಹಿಂಡಿತು; ಪ್ರಾಣವನ್ನೇ ಕಳೆದುಕೊಳ್ಳುವ ಶೋಧನೆಯೂ ಬಂತು. ಒಂದು ವಾರ ಅನ್ನನೀರನ್ನು ಬಿಟ್ಟರು. ಪಾಪನಿವೇದನೆಯ ಗುರುಗಳು ಉಪವಾಸವನ್ನು ಮುರಿಯಲು ಆಜ್ಞಾಪಿಸಿದಾಗ ವಿಧೇಯರಾಗಿ ಉಂಡರು. ಕ್ಷಮಿಸಲ್ಪಟ್ಟ ಪಾಪವನ್ನು ಮತ್ತೆ ಕೆದಕಿಸುವ ಪ್ರೇರಣೆ ದೇವರದಲ್ಲವೆಂದು ಕೊನೆಗೆ ಅರಿತು, ದೇವರ ಕರುಣೆಯಲ್ಲಿ ನೆಮ್ಮದಿ ಕಂಡರು.

ಈ ಅನುಭವಗಳನ್ನು ಬರೆದಿಟ್ಟ ಟಿಪ್ಪಣಿಗಳೇ ಮುಂದೆ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಗ್ರಂಥವಾಯಿತು. 1548ರಲ್ಲಿ ಪೋಪ್ ಮೂರನೇ ಪೌಲರು ಅದಕ್ಕೆ ಸಮ್ಮತಿಯಿತ್ತರು. ನಾಲ್ಕು ವಾರಗಳಾಗಿ ವಿಂಗಡಿಸಿದ ಈ ಸಾಧನೆ ಸುಮಾರು 30 ದಿನಗಳದು. ಪಾಪ ಮತ್ತು ಕರುಣೆ, ಕ್ರಿಸ್ತರ ಬಾಳು, ಅವರ ಯಾತನೆ, ಪುನರುತ್ಥಾನ ಎಂಬುದು ಅದರ ಕ್ರಮ. ಸಂಸಾರ, ಉದ್ಯೋಗಗಳ ಹೊಣೆ ಹೊತ್ತವರನ್ನೂ ಸಂತರು ಮರೆಯಲಿಲ್ಲ. ಅಂಥವರು ಮನೆಯಲ್ಲಿದ್ದುಕೊಂಡೇ ದಿನಕ್ಕೆ ಒಂದೂವರೆ ಗಂಟೆ ಮೀಸಲಿಟ್ಟು ಇದನ್ನು ನಡೆಸಬಹುದೆಂದು ಗ್ರಂಥದಲ್ಲೇ ಸೂಚಿಸಿದರು.

1556ರ ಜುಲೈ 31ರಂದು ರೋಮಿನಲ್ಲಿ ದೈವಾಧೀನರಾದ ಅವರಿಗೆ 1622ರಲ್ಲಿ ಸಂತ ಪದವಿ ದೊರೆಯಿತು.

ರಿಟ್ರೀಟಿಗೆ ಹೋದವರು ಮನಶ್ಶಾಂತಿಯೊಡನೆ ಮರಳಬೇಕೆಂದು ನಾವೆಲ್ಲರೂ ಆಶಿಸುತ್ತೇವೆ. ಮರಳಿದ ಮೇಲೆ ಹಳೆಯ ಕಳವಳ ಎದ್ದರೆ, ಧ್ಯಾನವೇ ವ್ಯರ್ಥವಾಯಿತೆಂದು ಎದೆಗುಂದುತ್ತೇವೆ. ಮನ್ರೇಸದ ಆ ತಿಂಗಳುಗಳು ನಮಗೆ ಧೈರ್ಯ ತುಂಬಲಿ. ಸಂತರು ಖಡ್ಗವನ್ನು ಒಂದೇ ರಾತ್ರಿ ಬಿಟ್ಟರು. ತಮ್ಮ ಬಲದಿಂದಲೇ ಪರಿಶುದ್ಧರಾಗುವೆನೆಂಬ ಹಟವನ್ನು ಬಿಡಲು ಅವರಿಗೂ ತಿಂಗಳುಗಳೇ ಬೇಕಾದವು. ಕಳವಳದ ದಿನಗಳಲ್ಲಿ ನಾವೂ ಅವರಂತೆ ಗುರುಗಳ ಮಾತಿಗೆ ಕಿವಿಗೊಡೋಣ. ಒಮ್ಮೆ ಕ್ಷಮಿಸಿದ ದೇವರನ್ನು ನಂಬಿ ಮುನ್ನಡೆಯೋಣ.