ಡಾ. ಲೆಸ್ಲಿ ಸಿ. ಕೋಲ್ಮನ್ (1878–1954): ಬೆಳೆ, ಕೀಟ ಮತ್ತು ನಿರೋಧಕ ತಳಿ

ಅರಸೀಕೆರೆ ಕಡೆಯ ರಾಗಿ ಹೊಲಗಳ ಅಕ್ಕಡಿ ಸಾಲಿನಲ್ಲಿ ಸಾಸಿವೆ ಹಾಕುವ ರೈತರಾಗಲಿ, ಬೇಲೂರು ತಾಲ್ಲೂಕಿನ ಕಾಫಿ ಬೆಳೆಗಾರರಾಗಲಿ, ಹುಳು ಬೀಳದ ತಳಿಯನ್ನು ಬಯಸುವುದು ಸಹಜ. ಸಾಸಿವೆಯ ಹೇನನ್ನು ಪೂರ್ಣವಾಗಿ ತಡೆಯುವ ತಳಿ ಇಂದಿಗೂ ರೈತರ ಕೈಗೆ ಬಂದಿಲ್ಲ. ತಳಿಯಿಂದ ಎಷ್ಟು ಸಾಧ್ಯ, ಎಷ್ಟು ಅಸಾಧ್ಯ ಎಂಬುದು ರಾಜ್ಯದ ಕೃಷಿ ಇಲಾಖೆಯ ಪ್ರಥಮ ನಿರ್ದೇಶಕರಾಗಿದ್ದ ಡಾ. ಕೋಲ್ಮನ್ ಅವರ ಸೇವಾವಧಿಯನ್ನು ನೋಡಿದರೆ ತಿಳಿದುಬರುತ್ತದೆ.

ಶ್ರೀಯುತರು 1878ರಲ್ಲಿ ಕೆನಡಾ ದೇಶದಲ್ಲಿ ಜನಿಸಿದರು. ಟೊರಾಂಟೊದಲ್ಲಿ ಪದವಿಯನ್ನೂ ಜರ್ಮನಿಯ ಗಟಿಂಗನ್‌ನಲ್ಲಿ ಡಾಕ್ಟರೇಟನ್ನೂ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನದ ಕೀಟ ಹಾಗೂ ಶಿಲೀಂಧ್ರ ತಜ್ಞರಾಗಿ ಸೇವೆಗೆ ಸೇರಿದರು. ಆಗ ಅವರ ವಯಸ್ಸು 30.

ಜೋಳದ ಬೆಳೆಯನ್ನು ಹಾಳುಮಾಡುತ್ತಿದ್ದ ಮಿಡತೆಯನ್ನು ಅವರು ಆರಂಭದಲ್ಲೇ ಅಧ್ಯಯನಕ್ಕೆ ತೆಗೆದುಕೊಂಡರು. ಈ ಮಿಡತೆಗೆ ಹಾರುವ ಶಕ್ತಿಯಿಲ್ಲ. ಮಣ್ಣಿನಲ್ಲಿ ಮೊಟ್ಟೆಯಿಟ್ಟು ವರ್ಷಕ್ಕೆ ಒಂದೇ ಪೀಳಿಗೆ ಬೆಳೆಯುತ್ತದೆ. ಆದ್ದರಿಂದ ಉಳುಮೆ ಮಾಡಿ ಮೊಟ್ಟೆಗಳನ್ನು ಬಿಸಿಲಿಗೆ ಒಡ್ಡಿದರೆ ಔಷಧಿಯ ಖರ್ಚಿಲ್ಲದೆ ಹತೋಟಿಗೆ ದಾರಿಯಾಗುತ್ತದೆ. ಖರ್ಚು-ವೆಚ್ಚದ ದೃಷ್ಟಿಯಿಂದ ಇದಕ್ಕಿಂತ ಮಿಗಿಲಾದ ಉಪಾಯ ಕಾಣದು. 1910ರಲ್ಲಿ ಈ ಕೀಟಕ್ಕೆ ಅವರ ಹೆಸರಿನಿಂದಲೇ ಕೋಲ್ಮೇನಿಯಾ ಎಂಬ ಶಾಸ್ತ್ರೀಯ ನಾಮವನ್ನು ನೀಡಲಾಯಿತು. 1911ರಲ್ಲಿ ಸಹಾಯಕ ಕುಂಞಿ ಕಣ್ಣನ್ ಅವರೊಡನೆ ಈ ಕುರಿತ ಪುಸ್ತಿಕೆಯನ್ನು ಪ್ರಕಟಿಸಿದರು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣದ ಸಿಂಪಡಣೆಯನ್ನು ಪ್ರಚಾರಕ್ಕೆ ತಂದವರೂ ಇವರೇ.

1913ರಲ್ಲಿ ಇಲಾಖೆ ರಚನೆಯಾದಾಗ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ ಆರಂಭವಾದದ್ದೂ ಆ ವರ್ಷವೇ.

ನಿರೋಧಕ ತಳಿಯ ಪ್ರಶ್ನೆ ಪ್ರಮುಖವಾಗಿ ಎದುರಾದದ್ದು ಕಾಫಿಯಲ್ಲಿ. ಎಲೆ ತುಕ್ಕು ರೋಗದಿಂದ ಅರೇಬಿಕಾ ತೋಟಗಳು ನಷ್ಟಕ್ಕೆ ಒಳಗಾಗುತ್ತಿದ್ದವು. 1925ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಡಾ. ಕೋಲ್ಮನ್ 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಎಸ್.288 ಮತ್ತು ಕೆಂಟ್ಸ್ ತಳಿಗಳ ಸಂಕರದಿಂದ ಪಡೆದ ಎಸ್.795 ಬೆಳೆಗಾರರಿಗೆ ದೊರೆತದ್ದು 1940ರ ದಶಕದಲ್ಲಿ. ಬೀಜದಿಂದ ತೋಟದವರೆಗೆ ಒಂದು ತಳಿ ಬರಲು ಅಷ್ಟು ಕಾಲ ಬೇಕು. ತುಕ್ಕು ರೋಗದ ಹೊಸ ಪ್ರಭೇದಗಳು ಕಾಲಕ್ರಮೇಣ ಈ ತಳಿಯನ್ನೂ ಬಾಧಿಸಿದವು. ಆದರೂ ಅದು ಇಂದಿಗೂ ವ್ಯಾಪಕವಾಗಿ ಬೆಳೆಯಲ್ಪಡುತ್ತಿದೆ.

ಕೀಟದ ವಿಷಯದಲ್ಲಿ ಅಷ್ಟೂ ಆಗಿಲ್ಲ. ಬಿಳಿ ಕಾಂಡಕೊರಕವನ್ನು ತಡೆಯುವ ಅರೇಬಿಕಾ ತಳಿ ಲಭ್ಯವಿರುವುದಿಲ್ಲ. ರೋಬಸ್ಟಾದಲ್ಲಿ ಬಾಧೆ ಕಡಿಮೆ. ಅರೇಹಳ್ಳಿ, ಬಿಕ್ಕೋಡು ಭಾಗದ ಬೆಳೆಗಾರರು ನೆರಳನ್ನು ಕಾಪಾಡಿಕೊಳ್ಳುವುದು, ಮುಖ್ಯ ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು, ಹುಳು ಹಿಡಿದ ಗಿಡಗಳನ್ನು ಕಿತ್ತು ಸುಡುವುದು ಅವಶ್ಯ. ದುಂಬಿಗಳು ಹೊರಬರುವುದು ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್ ತಿಂಗಳುಗಳಲ್ಲಿ. ಈ ಕೆಲಸ ಅದಕ್ಕೆ ಮುಂಚೆ ಮುಗಿದಿರಬೇಕು.

ಡಾ. ಕೋಲ್ಮನ್ 1954ರಲ್ಲಿ ನಿಧನರಾದರು. ಬಾಳೆಹೊನ್ನೂರಿನ ಕೇಂದ್ರವು ಈಗ ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ಕಾಫಿಗೆ ಸಂಬಂಧಿಸಿದ ಅರ್ಜಿಗಳನ್ನು ಮಂಡಳಿಯ ವಿಸ್ತರಣಾ ಕಚೇರಿಗೂ, ಇತರ ಬಿತ್ತನೆ ಬೀಜದ ಅರ್ಜಿಗಳನ್ನು ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೂ ಸಲ್ಲಿಸತಕ್ಕದ್ದು.