ಚರ್ಮವೈದ್ಯ ಆಲಿಬೇರ್

ನನ್ನ ಸೋದರಮಾವನವರ ಬೆನ್ನಿನ ಮೇಲೆ ಹಲವು ವರ್ಷಗಳಿಂದಿದ್ದ ಕೆಂಪು ಮಚ್ಚೆಗಳನ್ನು ನಾವೆಲ್ಲರೂ ಹುಳುಕಡ್ಡಿಯೆಂದೇ ನಂಬಿದ್ದೆವು. ಕೊನೆಗೆ ಚರ್ಮದ ತುಣುಕೊಂದನ್ನು ತೆಗೆದು ಪರೀಕ್ಷಿಸಿದ ವೈದ್ಯರು ‘ಮೈಕೋಸಿಸ್ ಫಂಗಾಯ್ಡಿಸ್’ ಎಂಬ ಹೆಸರು ಹೇಳಿದರು. ಹೆಸರಿನಲ್ಲಿ ಅಣಬೆಯ ಸುಳಿವು ಕಂಡು ನಾವು ಸಮಾಧಾನಪಟ್ಟೆವು. ಅದು ಚರ್ಮದ ಲಿಂಫೋಮಾ, ಕ್ಯಾನ್ಸರಿನ ಒಂದು ಬಗೆ, ಎಂದು ತಿಳಿದದ್ದು ಆಮೇಲೆ. ಹಾದಿ ತಪ್ಪಿಸುವ ಈ ಹೆಸರನ್ನು ಇಟ್ಟವರಾರೆಂದು ಹುಡುಕಹೊರಟ ನನಗೆ ದೊರೆತದ್ದು ಜಾನ್ ಲೂಯಿ ಆಲಿಬೇರನ ಜೀವನ.

1768ರಲ್ಲಿ ದಕ್ಷಿಣ ಫ್ರಾನ್ಸಿನ ಸಣ್ಣ ಊರೊಂದರಲ್ಲಿ ಹುಟ್ಟಿದ ಆತ ಧಾರ್ಮಿಕ ಸಂಘವೊಂದನ್ನು ಸೇರಿದ್ದವನು. ಮಹಾಕ್ರಾಂತಿಯು ಅಂತಹ ಸಂಘಗಳನ್ನು ಮುಚ್ಚಿಸಲು, ತರುಣನು ಪ್ಯಾರಿಸಿಗೆ ಬಂದು ವೈದ್ಯಶಾಸ್ತ್ರಕ್ಕೆ ತೊಡಗಿದನು. 1801ರಲ್ಲಿ ಸೇಂಟ್ ಲೂಯಿ ಆಸ್ಪತ್ರೆ ಆತನ ಕಾರ್ಯಕ್ಷೇತ್ರವಾಯಿತು. ಪ್ಲೇಗಿನ ರೋಗಿಗಳಿಗೆಂದು ನಾಲ್ಕನೆಯ ಹೆನ್ರಿ ದೊರೆ ಊರ ಕೋಟೆಗೋಡೆಯ ಆಚೆ ಕಟ್ಟಿಸಿದ್ದ ಆಸ್ಪತ್ರೆಯದು. ಲೋಕವು ಮುಟ್ಟಲು ಹೇಸುವ ಮೈಗಳನ್ನು ಆಲಿಬೇರ್ ದಿನವೂ ಹತ್ತಿರದಿಂದ ನೋಡಿದ. ಅವುಗಳ ಚಿತ್ರಗಳನ್ನು ಬಣ್ಣದಲ್ಲಿ ಬರೆಯಿಸಿದ. ತೋಟದ ಮರಗಳ ನೆರಳಿನಲ್ಲಿ ಪಾಠ ಹೇಳಿದ.

1806ರಲ್ಲಿ ಆತ ವರ್ಣಿಸಿದ ರೋಗಿಯೊಬ್ಬನ ಮೈಮೇಲೆ ಅಣಬೆಗಳಂತೆ ಗಂಟುಗಳು ಎದ್ದಿದ್ದವು. ಗುಣಪಡಿಸುವ ಮದ್ದು ಆಗ ಇರಲಿಲ್ಲ. ವೈದ್ಯನಿಂದಾದದ್ದು ನೋಡುವುದು, ಬರೆದಿಡುವುದು, ಇಷ್ಟೆ. ಮುಂದೆ ಆ ಹೋಲಿಕೆಯಿಂದಲೇ ರೋಗಕ್ಕೆ ಹೆಸರೂ ಹುಟ್ಟಿತು. ಹದಿನೆಂಟನೆಯ ಲೂಯಿಗೆ ವೈದ್ಯನಾಗಿ, ಬ್ಯಾರನ್ ಪದವಿ ಪಡೆದು, ಆತ 1837ರಲ್ಲಿ ತೀರಿಕೊಂಡನು. ಚರ್ಮರೋಗಗಳನ್ನೆಲ್ಲ ಒಂದೇ ಮರದ ಕೊಂಬೆಗಳಾಗಿ 1829ರಲ್ಲಿ ಆತ ಮಾಡಿದ್ದ ವಿಂಗಡಣೆ ಬಹುಕಾಲ ಬಾಳಲಿಲ್ಲ; ಇಂಗ್ಲೆಂಡಿನ ವಿಲನ್ನನ ಪದ್ಧತಿಯೇ ಗೆದ್ದಿತು.

ಆ ಗಂಟುಗಳು ಅಣಬೆಯಲ್ಲ, ದಾರಿತಪ್ಪಿದ ಬಿಳಿಯ ರಕ್ತಕಣಗಳು ಎಂಬುದು ಈಗ ತಿಳಿದಿದೆ. ಮೈಯ ರೋಗನಿರೋಧ ಶಕ್ತಿಯನ್ನೇ ಎಬ್ಬಿಸುವ ಲೇಪಗಳನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 12 ಮಂದಿಗೆ ರೆಸಿಕ್ವಿಮಾಡ್ ಎಂಬ ಔಷಧವನ್ನು ಹಚ್ಚಿದರು. ಬಹುಮಂದಿಯ ಮಚ್ಚೆಗಳು ಇಳಿದವು. ಕೆಲವರಲ್ಲಿ ಲೇಪ ಸೋಕದ ಮಚ್ಚೆಗಳೂ ಇಳಿದವು. ಪ್ರಯೋಗ ಚಿಕ್ಕದು, ಆದರೂ ಆಸೆಗೆ ಎಡೆಯುಂಟು.

ಆಲಿಬೇರನ ಮೇಲೆ ನನಗಿದ್ದ ಮುನಿಸು ಈಗ ಉಳಿದಿಲ್ಲ. ಆತನಿಟ್ಟ ಹೆಸರು ತಪ್ಪಾಯಿತು, ಕಂಡದ್ದು ತಪ್ಪಾಗಲಿಲ್ಲ. ಮಾವನವರ ಬೆನ್ನನ್ನು ನಾವೂ ಹಾಗೆ ಹತ್ತಿರದಿಂದ ನೋಡಿದ್ದರೆ ಅಷ್ಟು ವರ್ಷಗಳು ವ್ಯರ್ಥವಾಗುತ್ತಿರಲಿಲ್ಲವೇನೋ.